ಬೋರ್ಡು ಸತ್ತೋತಡ: ಕರಾವಳಿ ಮನೆಯ ಪಿನ್‌ಬಾಲ್ ಮೆಷಿನ್‌ನ ದೋಷ ಹುಡುಕುವುದು ಹೇಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕುಮಟೆಯಿಂದ ಭಾವನ ಫೋನ್ ಬಂತು. "ಭಾವ, ಬೋರ್ಡು ಸತ್ತೋತಡ. ಹೊಸದಕ್ಕೆ ಹದಿನೆಂಟು ಸಾವಿರ ಬೇಕಡ." ಯಾರೋ ಒಬ್ಬ ಮೆಕ್ಯಾನಿಕ್ ಬಂದು ಹತ್ತು ನಿಮಿಷ ನೋಡಿ ಹೀಗೆ ಹೇಳಿ ಹೋಗಿದ್ದನಂತೆ. ನಾನು ಶಿರಸಿಯಲ್ಲಿ ಟಿವಿ, ಆಂಪ್ಲಿಫೈಯರ್, ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಹತ್ತು ನಿಮಿಷದಲ್ಲಿ ಬೋರ್ಡ್ ಹೋಗಿದೆ ಅಂದವನು ಚೀಲದಿಂದ ಮೀಟರ್ ತೆಗೆದಿರುವುದಿಲ್ಲ, ಇದು ನನಗೆ ಗೊತ್ತು. ಮರುದಿನ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದೆ.

ಭಾವನ ಜಗಲಿಯಲ್ಲಿ ಇರುವುದು ಬ್ಯಾಲಿ ಕಂಪನಿಯ ಎಯ್ಟ್ ಬಾಲ್ ಡಿಲಕ್ಸ್ ಅನ್ನುವ ಪಿನ್‌ಬಾಲ್ ಮೆಷಿನ್, ಅಂದರೆ ಓರೆ ಹಲಗೆಯ ಮೇಲೆ ಚೆಂಡು ಹೊಡೆದು ಅಂಕ ಗಳಿಸುವ ಆಟ, 1981ರದ್ದು. ಗೋವಾದ ಹೋಟೆಲೊಂದು ಹಳೆ ಸಾಮಾನು ಮಾರಿದಾಗ ಟೆಂಪೋದಲ್ಲಿ ಹಾಕಿಸಿಕೊಂಡು ತಂದದ್ದು. ಮನೆಯಿಂದ ಸಮುದ್ರ ಕಾಣುವುದಿಲ್ಲ, ಆದರೆ ರಾತ್ರಿ ಸದ್ದು ಕೇಳುತ್ತದೆ. ಅಷ್ಟು ಹತ್ತಿರ ಇದ್ದರೆ ಸಾಕು, ಉಪ್ಪುಗಾಳಿ ತನ್ನ ಕೆಲಸ ಮಾಡುತ್ತದೆ. ಕಿಟಕಿ ಸರಳಿಗೆ ಹಿಡಿಯುವ ತುಕ್ಕೇ ಮೆಷಿನ್ ಒಳಗಿನ ಪಿನ್ನಿಗೂ ಹಿಡಿಯುತ್ತದೆ, ವ್ಯತ್ಯಾಸ ಏನೂ ಇಲ್ಲ.

ಈ ಬರಹ ಆ ಕಾಲದ ಬ್ಯಾಲಿ ಬೋರ್ಡುಗಳನ್ನು ಇಟ್ಟುಕೊಂಡು ಬರೆದದ್ದು. ಬೇರೆ ಮೆಷಿನ್ ಇದ್ದರೆ ಫ್ಯೂಸಿನ ಅಂಕೆ, ಬೋರ್ಡಿನ ಹೆಸರು ಬದಲಾಗುತ್ತದೆ. ಹುಡುಕುವ ದಾರಿ ಮಾತ್ರ ಒಂದೇ: ಪ್ಲಗ್ಗಿನಿಂದ ಶುರುಮಾಡಿ ಕರೆಂಟ್ ಹೋಗುವ ದಾರಿಯಲ್ಲೇ ಹೋಗಬೇಕು. ಚಿಪ್ಪಿನಿಂದ ಹಿಂದಕ್ಕೆ ಬರಬಾರದು.

ಕೈ ಹಾಕುವ ಮೊದಲು

ಈ ಮೆಷಿನ್‌ನಲ್ಲಿ ಮೂರು ಕಡೆ ಜೋರಾಗಿ ಹೊಡೆಯುತ್ತದೆ. ಒಂದು, ಕರೆಂಟ್ ಒಳಗೆ ಬರುವ ಜಾಗ, 230 ವೋಲ್ಟ್. ಎರಡು, ಅಂಕೆ ತೋರಿಸುವ ಡಿಸ್‌ಪ್ಲೇಗಳ ಸಾಲು. ಅದಕ್ಕೆ 190 ವೋಲ್ಟ್ ಡಿ.ಸಿ. ಬೇಕು, ಅದನ್ನು ಮಾಡಿಕೊಡುವುದು ಕಾಯಿಲ್ (ಕರೆಂಟ್ ಕೊಟ್ಟಾಗ ಕಬ್ಬಿಣದ ಕಡ್ಡಿ ಎಳೆಯುವ ತಂತಿಸುರುಳಿ) ಓಡಿಸುವ ಬೋರ್ಡಿನ ಒಂದು ಮೂಲೆ. ಸ್ವಿಚ್ ಆಫ್ ಮಾಡಿದ ಮೇಲೂ ಅಲ್ಲಿನ ಕೆಪ್ಯಾಸಿಟರ್ ಸ್ವಲ್ಪ ಹೊತ್ತು ಕಾದು ಕೂತಿರುತ್ತದೆ. ಮೂರನೆಯದು 43 ವೋಲ್ಟಿನ ಕಾಯಿಲ್ ಸಾಲು. ಇದು ಸಾಯಿಸುವುದು ಕಷ್ಟ, ಆದರೆ ಸ್ಕ್ರೂಡ್ರೈವರ್ ಬೀಳಿಸಿದರೆ ತುದಿ ಕರಗುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ಐದು ನಿಮಿಷ ಚಹಾ ಕುಡಿದು ಬಂದು ಆಮೇಲೆ ಕೈ ಹಾಕಿ.

ಅರ್ತಿಂಗ್ ಇರಲೇಬೇಕು. ಹಳೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ವೈರೇ ಇರುವುದಿಲ್ಲ. ಮೆಷಿನ್ನಿನ ಲೋಹದ ಪಟ್ಟಿ ಮುಟ್ಟಿದರೆ ಜುಂ ಅನ್ನುತ್ತದೆ ಅಂದರೆ ಅದೇ ಸುಳಿವು. ಅದನ್ನು ಸರಿಮಾಡದೆ ಮಕ್ಕಳನ್ನು ಆಡಲು ಬಿಡಬೇಡಿ.

ಇನ್ನೊಂದು ಮಾತು. ಮೆಷಿನ್ ಅಮೆರಿಕದಿಂದ ನೇರ ಬಂದಿದ್ದರೆ ಅದು 115 ವೋಲ್ಟಿನದ್ದು. ಟ್ರಾನ್ಸ್‌ಫಾರ್ಮರ್‌ನ ಕಾಲುಗಳಲ್ಲಿ ತಂತಿ ಬದಲಿಸಿ ಬೆಸುಗೆ ಹಾಕಿದರೆ 230ಕ್ಕೆ ಹೊಂದುತ್ತದೆ. ಅದರ ಜೊತೆಗೆ ಕರೆಂಟ್ ಬರುವ ಜಾಗದಲ್ಲಿ ಬಟಾಣಿಗಿಂತ ಸ್ವಲ್ಪ ದೊಡ್ಡ ಚಪ್ಪಟೆ ವೇರಿಸ್ಟರ್, ಅಂದರೆ ವೋಲ್ಟ್ ಏರಿದಾಗ ಅದನ್ನು ನುಂಗುವ ಬಿಡಿಭಾಗ, ಇದ್ದರೆ ಅದನ್ನೂ ಬದಲಿಸಬೇಕು. 130 ವೋಲ್ಟಿನ ವೇರಿಸ್ಟರಿಗೆ ನಮ್ಮ 230 ಕೊಟ್ಟರೆ ಪಟಾಕಿಯ ಹಾಗೆ ಸಿಡಿಯುತ್ತದೆ. 275 ವೋಲ್ಟಿನದ್ದು ಹಾಕಿ. ಮೇನ್ ಫ್ಯೂಸ್ ಕೂಡ ಅರ್ಧಕ್ಕೆ ಇಳಿಸಿ, ಯಾಕೆಂದರೆ ವೋಲ್ಟ್ ದುಪ್ಪಟ್ಟಾದಾಗ ಎಳೆಯುವ ಆಂಪಿಯರ್ ಅರ್ಧ ಆಗುತ್ತದೆ.

ಸಲಕರಣೆ ಜಾಸ್ತಿ ಬೇಡ. ಒಂದು ಡಿಜಿಟಲ್ ಮೀಟರ್, ಬೆಸುಗೆ ಕಡ್ಡಿ, ಸೋಲ್ಡರ್ ಹೀರುವ ಪಂಪ್, ಒಳ್ಳೆ ಬೆಳಕು, ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಭೂತಗನ್ನಡಿ. ಇವಿಷ್ಟೇ.

ಏಳು ಮಿಣುಕು

ಈ ಬೋರ್ಡುಗಳ ದೊಡ್ಡ ಉಪಕಾರ ಏನೆಂದರೆ ತಮ್ಮ ಕಾಯಿಲೆ ತಾವೇ ಹೇಳುತ್ತವೆ. ಹೆಡ್, ಅಂದರೆ ಹಿಂದೆ ನೆಟ್ಟಗೆ ನಿಂತ ಪೆಟ್ಟಿಗೆ, ತೆರೆದರೆ ಎಡಗಡೆ ಮೇಲೆ ಇರುವುದು ಮಿದುಳಿನ ಬೋರ್ಡ್, ಅಂದರೆ ಎಂಪಿಯು. ಅದರ ಮೇಲೊಂದು ಸಣ್ಣ ಎಲ್‌ಇಡಿ. ಸ್ವಿಚ್ ಹಾಕಿದ ತಕ್ಷಣ ಒಮ್ಮೆ ಚುಟುಕಾಗಿ ಮಿಣುಕುತ್ತದೆ, ಅದನ್ನು ಎಣಿಸಬೇಡಿ. ಆಮೇಲೆ ಏಳು ಸಲ ಸ್ಪಷ್ಟವಾಗಿ ಮಿಣುಕಬೇಕು. ಒಂದೊಂದು ಮಿಣುಕು ಒಂದೊಂದು ಪರೀಕ್ಷೆ ಪಾಸಾದ ಗುರುತು.

ಮೊದಲನೆಯದು ಬಂದರೆ ರೋಮ್ ಚಿಪ್‌ಗಳು ಸರಿ, ಅಂದರೆ ಆಟದ ಪ್ರೋಗ್ರಾಮ್ ಓದಲು ಬರುತ್ತಿದೆ. ಎರಡನೆಯದು 6810 ಅನ್ನುವ ರಾಮ್, ತಾತ್ಕಾಲಿಕ ನೆನಪಿನ ಚಿಪ್. ಮೂರನೆಯದು 5101, ಹೈಸ್ಕೋರ್ ನೆನಪಿಡುವ ಚಿಪ್. ನಾಲ್ಕು ಮತ್ತು ಐದು, ಹೊರಗಿನ ಲೋಕದ ಜೊತೆ ಮಾತಾಡುವ ಎರಡು 6821 ಚಿಪ್‌ಗಳು. ಆರನೆಯದು ಡಿಸ್‌ಪ್ಲೇಗೆ ತಾಳ ಹಾಕುವ ಸರ್ಕ್ಯೂಟ್. ಏಳನೆಯದಕ್ಕೂ ಚಿಪ್‌ಗೂ ಸಂಬಂಧವೇ ಇಲ್ಲ ಅನ್ನಬಹುದು. ಕಾಯಿಲ್‌ಗಳ 43 ವೋಲ್ಟ್ ಬರುತ್ತಿದೆಯಾ ಅಂತ ಬೋರ್ಡ್ ಇಣುಕಿ ನೋಡುವುದು ಅಷ್ಟೇ. ಬರದಿದ್ದರೆ ಆರಕ್ಕೇ ನಿಲ್ಲುತ್ತದೆ.

ಎಷ್ಟಕ್ಕೆ ನಿಂತಿತೋ ಅದರ ಮುಂದಿನದು ಅಪರಾಧಿ. ನಾಲ್ಕಕ್ಕೆ ನಿಂತರೆ ಐದನೆಯದನ್ನು ಹಿಡಿಯಿರಿ. ಚಿಪ್ ತೆಗೆಯುವ ಮೊದಲು ಅದರ ಸಾಕೆಟ್ ನೋಡಿ. ನಲವತ್ತು ವರ್ಷದ ಸಾಕೆಟ್ ಚಿಪ್ಪಿಗಿಂತ ಮೊದಲು ಸಾಯುತ್ತದೆ. ಚಿಪ್ಪನ್ನು ಮೆತ್ತಗೆ ಒತ್ತಿದಾಗ ಮಿಣುಕು ಮುಂದುವರಿದರೆ ಸಾಕೆಟ್ಟೇ ಕಳ್ಳ.

ಎಲ್‌ಇಡಿ ಸುಮ್ನೆ ಹತ್ತಿಯೇ ಇದ್ದರೆ? ಆಗ ಪರೀಕ್ಷೆಯೇ ಶುರುವಾಗಿಲ್ಲ. 5 ವೋಲ್ಟ್ ಇದೆಯಾ ನೋಡಿ, ಆಮೇಲೆ 6800 ಪ್ರೊಸೆಸರಿನ 40ನೇ ಪಿನ್. ಅದು ರಿಸೆಟ್ ಪಿನ್, 5 ವೋಲ್ಟಿನ ಹತ್ತಿರ ಇರಬೇಕು. ಸೊನ್ನೆಯಲ್ಲೇ ಬಿದ್ದಿದ್ದರೆ ಪ್ರೊಸೆಸರನ್ನು ಯಾರೋ ಏಳಲು ಬಿಡುತ್ತಿಲ್ಲ. ಆ ಯಾರೋ ಅಂದರೆ ಹತ್ತಕ್ಕೆ ಒಂಬತ್ತು ಸಲ ಬ್ಯಾಟರಿ ಸೋರಿ ಕೊರೆದ ಜಾಗ. ಆ ಕತೆ ಮುಂದೆ ಇದೆ.

ಭಾವನ ಮೆಷಿನ್ ಹಾಕಿದೆ. ಇಬ್ಬರೂ ಬಾಯಲ್ಲಿ ಎಣಿಸಿದೆವು. ಆರು. ನಿಂತಿತು.

ಅಂದರೆ ಬೋರ್ಡ್ ಸತ್ತಿರಲಿಲ್ಲ. ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ, 43 ವೋಲ್ಟ್ ಎಲ್ಲಿ ಅಂತ ಕೇಳುತ್ತಾ ಕೂತಿತ್ತು.

43 ವೋಲ್ಟ್ ಎಲ್ಲಿ ಹೋಯಿತು

ಈ ಭಾಗ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇಂಥ ಮೆಷಿನ್‌ಗಳ ಅರ್ಧ ಕಾಯಿಲೆ ಇದೇ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿಯಾಗಿರುತ್ತದೆ.

ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ಬೋರ್ಡಿನಲ್ಲಿ ಫ್ಯೂಸ್‌ಗಳ ಸಾಲು ಇದೆ. ಕಾಯಿಲ್ ಸಾಲಿನದು 5 ಆಂಪಿಯರ್. ಗಾಜಿನ ಒಳಗೆ ತಂತಿ ನೆಟ್ಟಗೆ ಕಾಣುತ್ತಿತ್ತು. ಹಿಂದೆ ಬಂದವನೂ ಇದನ್ನೇ ನೋಡಿ "ಫ್ಯೂಸ್ ಸರಿ ಇದೆ" ಅಂದಿರಬೇಕು. ನಾನು ಕಿತ್ತು ಮೀಟರಿಗೆ ಹಚ್ಚಿದೆ. ಬೀಪ್ ಇಲ್ಲ. ತಂತಿ ಸುಟ್ಟು ಹೋಗಿದ್ದು ಲೋಹದ ಟೊಪ್ಪಿಯ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಫ್ಯೂಸನ್ನು ಯಾವಾಗಲೂ ಹೋಲ್ಡರಿನಿಂದ ತೆಗೆದೇ ಅಳೆಯಬೇಕು. ಜಾಗದಲ್ಲೇ ಇಟ್ಟು ಅಳೆದರೆ ಬೇರೆ ದಾರಿಯಿಂದ ಬೀಪ್ ಬಂದು ಮೋಸ ಆಗುತ್ತದೆ.

ಹೊಸ ಫ್ಯೂಸ್ ಹಾಕಿ ಸ್ವಿಚ್ ಒತ್ತಿದೆ. ಒಳಗಿಂದ ಧಡ್ ಅಂತ ಒಂದು ಸದ್ದು, ಮರುಕ್ಷಣ ಫ್ಯೂಸ್ ಕಪ್ಪು. ಎರಡನೇ ಫ್ಯೂಸ್ ಹಾಕಿ ನೋಡೋಣ ಅಂತ ಭಾವ ಡಬ್ಬಿಗೆ ಕೈ ಹಾಕಿದ್ದ, ತಡೆದೆ. ಕಾರಣ ಸಿಗದೆ ಹಾಕುವ ಫ್ಯೂಸ್ ದುಡ್ಡು ಸುಟ್ಟ ಹಾಗೆ. ಅದಕ್ಕಿಂತ ಆ ಧಡ್ ಸದ್ದು ನನಗೆ ಬೇಕಾದ ಸುಳಿವಾಗಿತ್ತು. ಆಟ ಶುರುವಾಗುವ ಮೊದಲೇ ಯಾವುದೋ ಕಾಯಿಲ್ ಎಳೆದುಕೊಂಡಿದೆ ಅಂದರೆ ಅದನ್ನು ಓಡಿಸುವ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ.

ಯಾಕೆ ಅಂತ ಹೇಳುತ್ತೇನೆ. ಈ ಮೆಷಿನ್‌ಗಳಲ್ಲಿ ಕಾಯಿಲ್‌ಗೆ 43 ವೋಲ್ಟ್ ಯಾವಾಗಲೂ ಇದ್ದೇ ಇರುತ್ತದೆ. ಟ್ರಾನ್ಸಿಸ್ಟರ್ ಮಾಡುವುದು ಇನ್ನೊಂದು ತುದಿಯನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ ಮುಟ್ಟಿಸುವ ಕೆಲಸ. ಬಾವಿಯ ಪಂಪಿಗೆ ಕರೆಂಟ್ ಇದ್ದೇ ಇದೆ, ಸ್ಟಾರ್ಟರ್ ಒತ್ತಿದಾಗ ಮಾತ್ರ ಓಡುತ್ತದೆ, ಆ ಲೆಕ್ಕ. ಸ್ಟಾರ್ಟರ್ ಅಂಟಿಕೊಂಡರೆ? ಪಂಪ್ ನಿಲ್ಲುವುದೇ ಇಲ್ಲ.

ಆಟದ ಹಲಗೆ ಎತ್ತಿ ನಿಲ್ಲಿಸಿದೆ. ಸುಟ್ಟ ವಾಸನೆ ಇನ್ನೂ ಇತ್ತು. ಎಡಗಡೆ ಸ್ಲಿಂಗ್‌ಶಾಟ್, ಅಂದರೆ ಚೆಂಡು ತಾಗಿದರೆ ತಿರುಗಿ ಒದೆಯುವ ಭಾಗ, ಅದರ ಕಾಯಿಲ್‌ನ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ಇಲ್ಲಿ ಒಂದು ಸುಲಭ ಉಪಾಯ ಇದೆ. ಸ್ಲಿಂಗ್‌ಶಾಟ್, ಫ್ಲಿಪ್ಪರ್ (ಗುಂಡಿ ಒತ್ತಿದಾಗ ಚೆಂಡು ಹೊಡೆಯುವ ಕೈ), ಬಂಪರ್ (ಚೆಂಡನ್ನು ದೂಡುವ ಗುಂಡನೆಯ ಕಂಬ) ಎಲ್ಲ ಜೋಡಿಯಲ್ಲೋ ಮೂರರ ಗುಂಪಿನಲ್ಲೋ ಇರುತ್ತವೆ. ಪುಸ್ತಕ ಹುಡುಕುವ ಬದಲು ಪಕ್ಕದ ಒಳ್ಳೆಯದನ್ನು ಅಳೆದು ಹೋಲಿಸಿ. ಬಲಗಡೆಯದು 10 ಓಮಿನ ಆಸುಪಾಸು ತೋರಿಸಿತು, ಎಡಗಡೆಯದು 1.2. ಸಾಮಾನ್ಯವಾಗಿ ಕಾಯಿಲ್‌ಗಳು 2ರಿಂದ 15 ಓಮ್ ಇರುತ್ತವೆ. 2ಕ್ಕಿಂತ ಕೆಳಗೆ ಬಂತೆಂದರೆ ಒಳಗಿನ ತಂತಿಯ ಮೇಲಿನ ವಾರ್ನಿಶ್ ಸುಟ್ಟು ಸುತ್ತುಗಳು ಒಂದಕ್ಕೊಂದು ಅಂಟಿವೆ. ಅಳೆಯುವಾಗ ಒಂದು ಕಡೆ ವೈರ್ ಬಿಚ್ಚಿ, ಇಲ್ಲದಿದ್ದರೆ ಬೇರೆಯದೂ ಸೇರಿಕೊಳ್ಳುತ್ತದೆ.

ಈಗ ಇನ್ನೂ ಹತ್ತಿರ ಹೋಗಿ ನೋಡಿ. ಪ್ರತಿ ಕಾಯಿಲ್‌ನ ಎರಡು ಕಾಲುಗಳ ನಡುವೆ ಅಕ್ಕಿಕಾಳಿನಷ್ಟು ದಪ್ಪದ ಕರಿ ಡಯೋಡ್ ಇರುತ್ತದೆ, ಬೆಳ್ಳಿ ಬಣ್ಣದ ಪಟ್ಟಿಯಿರುವ 1ಎನ್4004. ಭೂತಗನ್ನಡಿ ಹಿಡಿದಾಗ ಕಂಡದ್ದು ಇದು: ಡಯೋಡ್ ಜಾಗದಲ್ಲೇ ಇದೆ, ಆದರೆ ಅದರ ಒಂದು ಕಾಲು ಬೆಸುಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿದೆ. ಮುರಿದ ಜಾಗದಲ್ಲಿ ಹಸಿರು ಕಿಲುಬು. ನಾಲ್ಕು ದಶಕದ ಧಡಧಡ, ಮೇಲಿಂದ ಉಪ್ಪು. ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ಹಿಮ್ಮುಖ ವೋಲ್ಟೇಜಿನ ಒಂದು ದೊಡ್ಡ ಏಟು ಬರುತ್ತದೆ, ಅದನ್ನು ನುಂಗುವುದೇ ಈ ಡಯೋಡಿನ ಕೆಲಸ. ಅದು ಬಿಟ್ಟುಕೊಂಡ ಮೇಲೆ ಏಟು ನೇರ ಟ್ರಾನ್ಸಿಸ್ಟರಿಗೆ ಬಿತ್ತು, ಟ್ರಾನ್ಸಿಸ್ಟರ್ ಶಾರ್ಟ್ ಆಯಿತು, ಕಾಯಿಲ್ ಹಿಡಿದುಕೊಂಡೇ ಉಳಿಯಿತು, ಕಾದು ಸುಟ್ಟಿತು, ಕೊನೆಗೆ ಫ್ಯೂಸ್ ಹಾರಿತು.

ಸರಿ, ಆದರೆ ಕಾಯಿಲ್ ಅಷ್ಟು ಸುಡುವ ತನಕ ಹಲಗೆಯ ಅಡಿಯ ಫ್ಯೂಸ್ ಏನು ಮಾಡುತ್ತಿತ್ತು? ಅಲ್ಲಿ ಕಾಯಿಲ್‌ಗಳಿಗೆಂದೇ ಇನ್ನೊಂದು 1 ಆಂಪಿಯರ್ ಸ್ಲೋ ಬ್ಲೋ (ನಿಧಾನಕ್ಕೆ ಹಾರುವ) ಫ್ಯೂಸ್ ಇರುತ್ತದೆ. ಅದು ಮೊದಲು ಹಾರಬೇಕಿತ್ತು. ಹುಡುಕಿದರೆ, ಯಾರೋ ಪುಣ್ಯಾತ್ಮ ಅದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಇಟ್ಟಿದ್ದ! ಗೋವಾದಲ್ಲೇ ಸುತ್ತಿದ್ದೋ ಕುಮಟೆಯಲ್ಲೋ ದೇವರಿಗೆ ಗೊತ್ತು. ಹತ್ತಿಪ್ಪತ್ತು ರೂಪಾಯಿಯ ಫ್ಯೂಸ್ ಉಳಿಸಲು ಹೋಗಿ ಕಾಯಿಲ್, ಟ್ರಾನ್ಸಿಸ್ಟರ್ ಎರಡೂ ಬಲಿ. ಮನೆಗೂ ಬೆಂಕಿ ಬೀಳಬಹುದಿತ್ತು. ಮೆಷಿನ್ ಮನೆಗೆ ಬಂದ ದಿನವೇ ಎಲ್ಲ ಫ್ಯೂಸ್ ತೆಗೆದು, ಪಕ್ಕದಲ್ಲಿ ಬರೆದ ಅಂಕೆಗೆ ತಾಳೆ ಹಾಕಿ.

ಟ್ರಾನ್ಸಿಸ್ಟರ್ ಹುಡುಕುವುದು ಸುಲಭ. ಮೂಲದಲ್ಲಿ ಎಸ್ಇ9302 ಇರುತ್ತದೆ, ಬದಲಿಗೆ ಟಿಐಪಿ102 ಹಾಕುತ್ತಾರೆ, ಅದು ಇನ್ನೂ ಗಟ್ಟಿ. ಮೆಷಿನ್ ಆಫ್. ಮೀಟರ್ ಡಯೋಡ್ ಗುರುತಿಗೆ ಇಟ್ಟು, ಕಪ್ಪು ಕಡ್ಡಿ ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೆ, ಕೆಂಪು ಕಡ್ಡಿ ಆಚೀಚೆಯ ಕಾಲುಗಳಿಗೆ. ಎರಡರಲ್ಲೂ 0.4ರಿಂದ 0.6 ಬರಬೇಕು. ಸೊನ್ನೆ ಬಂದರೆ ಶಾರ್ಟ್. ನಡುವಿನ ಕಾಲು ಬೆನ್ನಿಗೇ ಸೇರಿರುವುದರಿಂದ ಅಲ್ಲಿ ಸೊನ್ನೆ ಬರುವುದು ಸಹಜ, ಹೆದರಬೇಡಿ. ಸಾಲಿನಲ್ಲಿರುವ ಎಲ್ಲವನ್ನೂ ಒಂದೇ ಸಲ ಅಳೆದುಬಿಡಿ, ಐದು ನಿಮಿಷದ ಕೆಲಸ, ಬೇರೆಯದು ಹೊರಟಿದ್ದರೆ ಅದೂ ಸಿಗುತ್ತದೆ.

ಕಾಯಿಲ್ ಮಾತ್ರ ತರಿಸಬೇಕಾಯಿತು. ಬರುವ ತನಕ ಆ ಕಾಯಿಲ್‌ನ ವೈರ್ ಬಿಚ್ಚಿ, ಟೇಪ್ ಸುತ್ತಿ, ಉಳಿದ ಮೆಷಿನ್ ಓಡಿಸಿದೆವು. ಟ್ರಾನ್ಸಿಸ್ಟರ್, ಡಯೋಡ್ ನನ್ನ ಪೆಟ್ಟಿಗೆಯಲ್ಲೇ ಇತ್ತು. 1ಎನ್4004 ಸಿಗದಿದ್ದರೆ 1ಎನ್4007 ಧಾರಾಳ ಆಗುತ್ತದೆ, ಯಾವ ಟಿವಿ ರಿಪೇರಿ ಅಂಗಡಿಯಲ್ಲೂ ಇರುತ್ತದೆ. ಪಟ್ಟಿ ಇರುವ ಕಡೆ 43 ವೋಲ್ಟ್ ಬರುವ ಕಾಲಿಗೆ. ತಿರುಗಿಸಿ ಹಾಕಿದರೆ ಮತ್ತೆ ಅದೇ ಕತೆ.

ಕಾಯಿಲ್ ಹಿಡಿದುಕೊಳ್ಳುವುದಕ್ಕೆ ತದ್ವಿರುದ್ಧ, ಕಾಯಿಲ್ ಅಲ್ಲಾಡುವುದೇ ಇಲ್ಲ ಅನ್ನುವುದಾದರೆ ಇನ್ನೊಂದು ಪರೀಕ್ಷೆ ಇದೆ. ಮೆಷಿನ್ ಆನ್ ಇರುವಾಗ, ಒಂದು ವೈರಿನ ತುದಿ ಗ್ರೌಂಡಿಗೆ ಕಚ್ಚಿಸಿ, ಇನ್ನೊಂದು ತುದಿ ಆ ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೆ ಚಕ್ ಅಂತ ಮುಟ್ಟಿಸಿ ತೆಗೆಯಿರಿ. ಕಾಯಿಲ್ ಹೊಡೆದರೆ ಕಾಯಿಲ್, ಫ್ಯೂಸ್, ವೈರ್ ಎಲ್ಲ ಸರಿ, ತೊಂದರೆ ಬೋರ್ಡಿನ ಕಡೆಗೆ. ಹೊಡೆಯದಿದ್ದರೆ ತೊಂದರೆ ಕಾಯಿಲ್ ಕಡೆಗೆ. ಒಂದೇ ಏಟಿಗೆ ಅರ್ಧ ಮೆಷಿನ್ ಲೆಕ್ಕದಿಂದ ಬಿಟ್ಟುಹೋಯಿತಲ್ಲ. ಆದರೆ ಕೈ ತಪ್ಪಿ ಪಕ್ಕದ ಚಿಪ್ಪಿಗೆ ತಾಗಿದರೆ ಹೊಸ ರಿಪೇರಿ ಶುರು. ಕೈ ನಡುಗುವವರು ಇದನ್ನು ಮಾಡಬೇಡಿ.

ಆಡುತ್ತಾ ಆಡುತ್ತಾ ಮೆಷಿನ್ ಮೊದಲಿಂದ ಶುರುವಾದರೆ

ಏಳು ಮಿಣುಕು ಬಂತು, ಆಟ ಶುರುವಾಯಿತು. ಎರಡು ಫ್ಲಿಪ್ಪರ್ ಒಟ್ಟಿಗೆ ಒತ್ತಿದ ಕೂಡಲೇ ಎಲ್ಲ ಆರಿ ಮತ್ತೆ ಮೊದಲಿಂದ. ಇದು ನಮ್ಮ ಕಡೆ ತುಂಬಾ ಸಾಮಾನ್ಯ. 5 ವೋಲ್ಟ್ ಒಂದು ಕ್ಷಣ ಕುಸಿಯುತ್ತದೆ, ಪ್ರೊಸೆಸರ್ ಮೂರ್ಛೆ ಹೋಗುತ್ತದೆ.

ಮೊದಲು ಗೋಡೆಯ ಸಾಕೆಟ್ ಅಳೆಯಿರಿ. ಸಂಜೆ ಏಳರ ಹೊತ್ತಿಗೆ, ಅಕ್ಕಪಕ್ಕದ ತೋಟದ ಪಂಪ್‌ಗಳು ಓಡುವಾಗ ಅಳೆಯಬೇಕು, ಮಧ್ಯಾಹ್ನ ಅಲ್ಲ. 180 ತೋರಿಸಿದರೆ ಮೆಷಿನ್ನಿನ ತಪ್ಪೇ ಇಲ್ಲ. ಫ್ರಿಜ್ಜಿಗೆ ಇಡುವ ರಿಲೇ ಸ್ಟೆಬಿಲೈಸರ್ ಇಟ್ಟು ನೋಡಿದ್ದೇನೆ, ಅದು ಟಕ್ ಅಂತ ಬದಲಾಗುವ ಕ್ಷಣದಲ್ಲೇ ಮೆಷಿನ್ ಮತ್ತೆ ರಿಸೆಟ್. ಸರ್ವೋ ಸ್ಟೆಬಿಲೈಸರ್ ಆದರೆ ಅಡ್ಡಿಲ್ಲ. ಚೌಕ ಅಲೆಯ ಮನೆ ಇನ್ವರ್ಟರ್ ಮೇಲೆ ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಾ ಕಾಯುತ್ತದೆ.

ಗೋಡೆ ಸರಿ ಇದ್ದರೆ 5 ವೋಲ್ಟನ್ನು ಎರಡು ಕಡೆ ಅಳೆಯಿರಿ. ಒಂದು, ಅದು ಹುಟ್ಟುವ ಜಾಗ, ಅಂದರೆ ಕಾಯಿಲ್ ಬೋರ್ಡಿನಲ್ಲಿರುವ ಎಲ್ಎಂ323 ರೆಗ್ಯುಲೇಟರ್ ಹತ್ತಿರ. ಇನ್ನೊಂದು, ತಲುಪುವ ಜಾಗ, ಎಂಪಿಯು ಬೋರ್ಡಿನ ಮೇಲೆ. ಭಾವನ ಮೆಷಿನ್‌ನಲ್ಲಿ ಹುಟ್ಟುವಲ್ಲಿ 5.04, ತಲುಪುವಲ್ಲಿ 4.66. ನಡುವೆ ಇರುವುದು ಒಂದಡಿ ವೈರ್ ಮತ್ತು ಎರಡು ಕನೆಕ್ಟರ್. ಆ 0.38 ವೋಲ್ಟ್ ತಿಂದದ್ದು ಕನೆಕ್ಟರಿನ ಕಿಲುಬು. 4.9ಕ್ಕಿಂತ ಕೆಳಗೆ ಇಳಿದ ಮೆಷಿನ್ನನ್ನು ನಾನು ನಂಬುವುದಿಲ್ಲ.

ಎರಡೂ ಕಡೆ ಕಡಿಮೆ ಇದ್ದರೆ ಅಥವಾ ಎರಡೂ ಸರಿ ಇದ್ದೂ ರಿಸೆಟ್ ಆದರೆ ದೊಡ್ಡ ಫಿಲ್ಟರ್ ಕೆಪ್ಯಾಸಿಟರ್ ಮೇಲೆ ಅನುಮಾನ. ಡಬ್ಬಿಯ ಹಾಗಿರುವ ಅದು ವಯಸ್ಸಾದಂತೆ ಒಣಗುತ್ತದೆ. ಮೀಟರ್ ಎ.ಸಿ.ಗೆ ಹಾಕಿ 5 ವೋಲ್ಟ್ ಸಾಲಿಗೆ ಹಚ್ಚಿ. ಸೊನ್ನೆಯ ಹತ್ತಿರ ಇರಬೇಕು, 0.2 ದಾಟಿದರೆ ಕೆಪ್ಯಾಸಿಟರ್ ಬದಲಿಸಿ. ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಕೆಲವು ಅಗ್ಗದ ಮೀಟರ್‌ಗಳು ಎ.ಸಿ.ಯಲ್ಲಿಟ್ಟು ಡಿ.ಸಿ. ಅಳೆದಾಗಲೂ ದೊಡ್ಡ ಅಂಕೆ ತೋರಿಸುತ್ತವೆ. ಮೊದಲು ಎ.ಸಿ.ಯಲ್ಲಿಟ್ಟು ಒಂದು ಪೆನ್ಸಿಲ್ ಸೆಲ್ಲಿಗೆ ಹಚ್ಚಿ ನೋಡಿ. ಸೊನ್ನೆ ಬಂದರೆ ಆ ಮೀಟರನ್ನು ಈ ಕೆಲಸಕ್ಕೆ ನಂಬಬಹುದು.

ಕನೆಕ್ಟರ್

ಕರಾವಳಿಯಲ್ಲಿ ಪಿನ್‌ಬಾಲ್ ಇಟ್ಟವನಿಗೆ ನಿಜವಾದ ಶತ್ರು ಇದು. ಬೋರ್ಡಿನ ಅಂಚಿನಲ್ಲಿ ಪಿನ್ನುಗಳ ಸಾಲು, ಅದಕ್ಕೆ ಚುಚ್ಚುವ ಬಿಳಿ ಪ್ಲಾಸ್ಟಿಕ್ ಕವಚ. ಪಿನ್ನಿನ ಮೇಲೆ ತವರದ ತೆಳು ಲೇಪ ಇರುತ್ತದೆ. ಅದನ್ನು ಎಮರಿ ಪೇಪರಿನಿಂದ ಉಜ್ಜಿದರೆ ಒಂದು ವಾರ ಫಳಫಳ, ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಕೆಟ್ಟದು, ಯಾಕೆಂದರೆ ಲೇಪವೇ ಹೋಯಿತಲ್ಲ. ಕಪ್ಪಾದ ಪಿನ್, ಕಂದಾದ ಪ್ಲಾಸ್ಟಿಕ್ ಕಂಡರೆ ಎರಡೂ ಕಡೆ ಹೊಸದು ಹಾಕಿ. ಒಂದು ಕಡೆ ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಮೊದಲು ಬೋರ್ಡ್ ತಿರುಗಿಸಿ ಪಿನ್ನಿನ ಬುಡ ನೋಡಿ. ಬೆಸುಗೆಯ ಸುತ್ತ ಸಣ್ಣ ಉಂಗುರದ ಹಾಗೆ ಬಿರುಕು ಕಂಡರೆ ಅದೇ ನಮ್ಮ ಭಾಷೆಯ ಡ್ರೈ ಸೋಲ್ಡರ್. ಮೆಷಿನ್ ಕುಟ್ಟಿದಾಗ ಸರಿಯಾಗುತ್ತದೆ, ಮತ್ತೆ ಕೆಡುತ್ತದೆ ಅನ್ನುವ ದೂರೆಲ್ಲ ಇಲ್ಲಿಯದೇ. ಹಳೆ ಸೋಲ್ಡರ್ ಹೀರಿ ತೆಗೆದು ಹೊಸದು ಹಾಕಿ. ಸುಮ್ನೆ ಬಿಸಿ ಮಾಡಿ ಬಿಟ್ಟರೆ ಬಹಳ ದಿನ ಬಾಳುವುದಿಲ್ಲ.

ಕನೆಕ್ಟರ್ ಕೀಳುವ ಮೊದಲು ಮೊಬೈಲಿನಲ್ಲಿ ಫೋಟೋ. ತಿರುಗಿ ಹಾಕುವಾಗ ಒಂದು ಪಿನ್ ಪಕ್ಕಕ್ಕೆ ಕೂತರೆ ಚಿಪ್‌ಗಳು ಸಾಲಾಗಿ ಹೋಗಬಹುದು. ಮೆಕ್ಯಾನಿಕ್ ಹೇಳಿದ ಹದಿನೆಂಟು ಸಾವಿರ ಆಗ ನಿಜವಾಗುತ್ತದೆ.

ಬ್ಯಾಟರಿ

ಎಂಪಿಯು ಮೇಲೆ 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಹೈಸ್ಕೋರ್ ನೆನಪಿಡುವುದಕ್ಕೆ ಅಷ್ಟೇ. ಅದು ಸೋರುತ್ತದೆ. ಸೋರದೆ ಉಳಿದ ಹಳೆ ಬ್ಯಾಟರಿ ನಾನು ನೋಡಿಲ್ಲ. ಹಸಿರು ಬಿಳಿ ಪುಡಿ ಕಂಡರೆ ಮೊದಲ ಕೆಲಸ ಅದನ್ನು ಕತ್ತರಿಸಿ ತೆಗೆಯುವುದು. ಬ್ಯಾಟರಿ ಇಲ್ಲದೆಯೂ ಆಟ ನಡೆಯುತ್ತದೆ, ಆಫ್ ಮಾಡಿದಾಗ ಹೈಸ್ಕೋರ್ ಮರೆಯುತ್ತದೆ ಅಷ್ಟೇ.

ಸೋರಿದ್ದು ಕ್ಷಾರ. ಅದನ್ನು ಕೊಲ್ಲಲು ಹುಳಿ ಬೇಕು. ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಆಮೇಲೆ ಬರೀ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಪೂರ್ತಿ ಒಣಗುವ ತನಕ ಕರೆಂಟ್ ಹಾಕಬಾರದು. "ಮುರುಗಲು ಹುಳಿ ಆಗ್ತಿಲ್ಯ ಭಾವ?" ಅಂತ ಕೇಳಿದ. ಹುಳಿ ಏನೋ ಹುಳಿಯೇ, ಆದರೆ ಅದರ ಬಣ್ಣ, ಅಂಟು ತೊಳೆಯುವವರು ಯಾರು? ಸಾರಿಗೇ ಇರಲಿ ಅಂದೆ. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ.

ಕ್ಷಾರ ತಾಮ್ರದ ಗೆರೆಯ ಅಡಿಯಲ್ಲಿ ತೆವಳಿಕೊಂಡು ಹೋಗುತ್ತದೆ. ಮೇಲೆ ಹಸಿರು ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಕೆರೆದರೆ ಕೆಳಗೆ ಕಪ್ಪು. ರಿಸೆಟ್ ಸರ್ಕ್ಯೂಟ್ ಪಕ್ಕದಲ್ಲೇ ಇರುವುದರಿಂದ ಅದಕ್ಕೇ ಮೊದಲ ಏಟು. ಆ ಜಾಗದ ರೆಸಿಸ್ಟರ್, ಟ್ರಾನ್ಸಿಸ್ಟರ್‌ಗಳನ್ನು ಅಳೆದು ಸಮಯ ಹಾಳು ಮಾಡಬೇಡಿ, ಎಲ್ಲ ತೆಗೆದು ಹೊಸದು ಹಾಕಿ, ಅಗ್ಗದ ಸಾಮಾನುಗಳೇ. ಹೈಸ್ಕೋರ್ ಬೇಕೇ ಬೇಕು ಅನ್ನುವವರು ಲಿಥಿಯಂ ಕಾಯಿನ್ ಸೆಲ್ ಒಂದನ್ನು ವೈರಿನಲ್ಲಿ ಬೋರ್ಡಿನಿಂದ ದೂರ ಇಡಿ. ನಡುವೆ ಒಂದು ಡಯೋಡ್ ಇರಲಿ, ಹಳೆ ಸರ್ಕ್ಯೂಟ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತದೆ, ಲಿಥಿಯಂ ಸೆಲ್ಲಿಗೆ ಅದು ಆಗಿಬರುವುದಿಲ್ಲ.

ಫ್ಲಿಪ್ಪರ್ ಮತ್ತು ಸ್ವಿಚ್

ಎರಡೂ ಫ್ಲಿಪ್ಪರ್ ಸತ್ತಿದ್ದರೆ ಎರಡಕ್ಕೂ ಸೇರಿದ್ದನ್ನು ನೋಡಿ: ಫ್ಯೂಸ್, ಅಥವಾ ಆಟ ಶುರುವಾದಾಗ ಟಕ್ ಅನ್ನುವ ರಿಲೇ. ಒಂದು ಮಾತ್ರ ಸತ್ತಿದ್ದರೆ ಆ ಕಡೆಯ ಗುಂಡಿಯ ಸ್ವಿಚ್, ಕಾಯಿಲ್‌ನ ವೈರ್. ಎದ್ದು ಸೋತು ಬೀಳುತ್ತದೆ, ಅಥವಾ ಚೆಂಡು ಮೇಲಿನವರೆಗೆ ಹೋಗುವುದಿಲ್ಲ ಅಂದರೆ ಕೊನೆಯ ಸ್ವಿಚ್, ಅಂದರೆ ಇಒಎಸ್. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತು ಇದೆ, ಒಂದು ಹೊಡೆಯಲು, ಒಂದು ಹಿಡಿದುಕೊಳ್ಳಲು. ಸಾಮಾನ್ಯವಾಗಿ ಮುಚ್ಚಿಕೊಂಡಿರುವ ಈ ಸ್ವಿಚ್ ಫ್ಲಿಪ್ಪರ್ ಪೂರ್ತಿ ಎದ್ದಾಗ ತೆರೆದುಕೊಂಡು ಹಿಡಿಯುವ ಸುತ್ತನ್ನು ಸೇರಿಸುತ್ತದೆ. ತೆರೆಯದಿದ್ದರೆ ಹೊಡೆಯುವ ಸುತ್ತು ಸುಡುತ್ತದೆ, ಸರಿಯಾಗಿ ಮುಚ್ಚದಿದ್ದರೆ ಹೊಡೆತಕ್ಕೆ ಜೋರಿಲ್ಲ. ಇದರ ತುದಿ ಟಂಗ್‌ಸ್ಟನ್, ಸಣ್ಣ ಅರದಿಂದ ಉಜ್ಜಬಹುದು.

ಬೇರೆ ಸ್ವಿಚ್‌ಗಳಿಗೆ ಅರ ಮುಟ್ಟಿಸಬೇಡಿ. ಅಂಕ ಕೊಡುವ ಸ್ವಿಚ್‌ಗಳ ತುದಿಗೆ ಚಿನ್ನದ ಲೇಪ ಇರುತ್ತದೆ. ಅದಕ್ಕೆ ಮದುವೆ ಕಾಗದ ಸಾಕು. ದಪ್ಪ ಕಾಗದದ ತುಂಡನ್ನು ಎರಡು ತುದಿಗಳ ನಡುವೆ ಇಟ್ಟು, ಮೆತ್ತಗೆ ಒತ್ತಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ, ಬರುವುದು ನಿಲ್ಲುವ ತನಕ ಎಳೆಯಿರಿ. ಸ್ಲಿಂಗ್‌ಶಾಟ್ ತನ್ನಷ್ಟಕ್ಕೆ ಪಟಪಟ ಹೊಡೆಯುತ್ತಿದ್ದರೆ ಬಹಳ ಸಲ ಸ್ವಿಚ್ಚಿನ ಎಲೆಗಳು ಹತ್ತಿರ ಬಂದಿರುತ್ತವೆ, ಸ್ವಲ್ಪ ಬಗ್ಗಿಸಿದರೆ ಮುಗಿಯಿತು.

ಒಂದು ಸ್ವಿಚ್ ಒತ್ತಿದರೆ ಇನ್ನೊಂದರ ಅಂಕ ಬಂದರೆ? ಸ್ವಿಚ್‌ಗಳೆಲ್ಲ ಅಡ್ಡ ಉದ್ದ ಗೆರೆಗಳ ಜಾಲದಲ್ಲಿ ಇವೆ, ಐದು ಮತ್ತು ಎಂಟು, ಒಟ್ಟು 40 ಜಾಗ. ಪ್ರತಿಯೊಂದಕ್ಕೂ ಒಂದು 1ಎನ್4148 ಡಯೋಡ್. ಅದು ಶಾರ್ಟ್ ಆದರೆ ಹೀಗೆ ಭೂತದ ಅಂಕ ಬರುತ್ತದೆ. ಯಾವಾಗಲೂ ಮುಚ್ಚಿದ ಹಾಗೆ ಕಾಣುವ ಸ್ವಿಚ್ ಆದರೆ ಅದರ ಮೇಲಿನ ಸಣ್ಣ ಕೆಪ್ಯಾಸಿಟರನ್ನು ಒಂದು ಕಡೆ ಕತ್ತರಿಸಿ ನೋಡಿ. ನಾಣ್ಯದ ಬಾಗಿಲ ಒಳಗೆ ಪರೀಕ್ಷೆಯ ಗುಂಡಿ ಇದೆ, ಒತ್ತುತ್ತಾ ಹೋದರೆ ದೀಪ, ಅಂಕೆ, ಕಾಯಿಲ್ ಎಲ್ಲ ಆಡಿಸಿ ಕೊನೆಗೆ ಅಂಟಿಕೊಂಡ ಸ್ವಿಚ್ಚಿನ ನಂಬರನ್ನೂ ತೋರಿಸುತ್ತದೆ. ಅದನ್ನು ಮೊದಲೇ ಬಳಸಿ. ಒಮ್ಮೆ ಹಾಗೆ ಅಂಟಿದ ಸ್ವಿಚ್ ಹುಡುಕಿದಾಗ ಸಿಕ್ಕಿದ್ದು ಇರುವೆ ಗೂಡು.

ಇನ್ನೊಂದು ವಿಷಯ, ಕಾಯಿಲ್‌ನ ಕಡ್ಡಿಗೆ ಎಣ್ಣೆ ಹಾಕಬೇಡಿ. ಭಾವ ತೆಂಗಿನೆಣ್ಣೆ ಬಿಟ್ಟಿದ್ದ. ಧೂಳಿನ ಜೊತೆ ಸೇರಿ ಹಲಸಿನ ಮೇಣದ ಹಾಗಾಗಿತ್ತು. ನೈಲಾನ್ ಕೊಳವೆ ಒಣಗಿಯೇ ಓಡಬೇಕು.

ದೀಪ ಮತ್ತು ಅಂಕೆ

ದೀಪಗಳದ್ದು ದೊಡ್ಡ ವಿದ್ಯೆ ಇಲ್ಲ. 6.3 ವೋಲ್ಟಿನ ಬಲ್ಬ್, ಹಿತ್ತಾಳೆಯ ಹೋಲ್ಡರ್. ಹೋಲ್ಡರಿನ ಕಿಲುಬೇ ಮುಕ್ಕಾಲು ತೊಂದರೆ, ಬಲ್ಬನ್ನು ಎರಡು ಸಲ ತಿರುಗಿಸಿ ಹಾಕಿದರೂ ಹತ್ತಬಹುದು. ಎಲ್‌ಇಡಿ ಬಲ್ಬ್ ಹಾಕಿ ಮಿಣಮಿಣ ಅನ್ನುತ್ತಿದ್ದರೆ ಬೋರ್ಡ್ ಕೆಟ್ಟಿಲ್ಲ. ದೀಪ ಓಡಿಸುವ ಎಸ್‌ಸಿಆರ್ ಅನ್ನುವ ಸ್ವಿಚ್‌ನಂಥ ಬಿಡಿಭಾಗಕ್ಕೆ ಹಿಡಿದು ನಿಲ್ಲಲು ಬೇಕಾದಷ್ಟು ಕರೆಂಟ್ ಎಲ್‌ಇಡಿ ಎಳೆಯುವುದಿಲ್ಲ. ಹಳೆ ಬಲ್ಬೇ ಹಾಕಿ, ಅಥವಾ ಇದಕ್ಕೆಂದೇ ಮಾಡಿದ ಎಲ್‌ಇಡಿ ತನ್ನಿ.

ಅಂಕೆ ತೋರಿಸುವ ಗಾಜಿನ ಡಿಸ್‌ಪ್ಲೇಗಳು ಎಲ್ಲ ಒಟ್ಟಿಗೆ ಆರಿದ್ದರೆ 190 ವೋಲ್ಟಿನ ಫ್ಯೂಸ್ ಮತ್ತು ಆ ಮೂಲೆಯ ಸರ್ಕ್ಯೂಟ್. ಒಂದು ಮಾತ್ರ ಆರಿದ್ದರೆ ಅದನ್ನು ಪಕ್ಕದವನ ಜಾಗಕ್ಕೆ ಬದಲಿಸಿ ಹಾಕಿ, ಪ್ಲಗ್ ಕಿತ್ತು ಚಹಾ ಕುಡಿದ ಮೇಲೆ. ದೋಷ ಡಿಸ್‌ಪ್ಲೇ ಜೊತೆ ಹೋದರೆ ಡಿಸ್‌ಪ್ಲೇಯದ್ದು, ಜಾಗದಲ್ಲೇ ಉಳಿದರೆ ವೈರಿಂಗಿನದ್ದು. ಭಾವನ ಮೆಷಿನ್ನಿನ ಮೂರನೇ ಆಟಗಾರನ ಡಿಸ್‌ಪ್ಲೇಯಲ್ಲಿ ಎರಡು ಅಂಕೆ ಇನ್ನೂ ಹತ್ತುವುದಿಲ್ಲ, ಗಾಜಿನ ಒಳಗೇ ವಯಸ್ಸಾಗಿದೆ. ಬದಲಿಸೋಣವಾ ಅಂದೆ. "ಮೂರು ಜನ ಎಲ್ಲಿದ್ದೋ ಭಾವ, ಆಡದು ನಾನೂ ಮಾಣಿಯೂ" ಅಂದ. ಬಿಟ್ಟು ಬಂದೆ.